ಟ್ರೆಕ್ಕಿಂಗ್‌ಗೆ ಯಾವ ಮಗ್? ಜೇಜುರಿಯ ಮೆಟ್ಟಿಲ ಮೇಲೆ ದಾರಿಲೋಟದ ಚರಿತ್ರೆ

ಇದು ಜೇಜುರಿಯಲ್ಲಿ ಶೂಟ್ ಮಾಡಿದ ಮಾತಿನ ಬರಹರೂಪ. ಗುಡ್ಡದ ಮೇಲೆ ಗಾಳಿ ಜಾಸ್ತಿ ಇತ್ತು, ವಿಡಿಯೋದಲ್ಲಿ ಕೆಲವು ಕಡೆ ನನ್ನ ದನಿ ಹಾರಿಹೋಗಿದೆ. ಅಲ್ಲಿ ಹೇಳಿದ್ದನ್ನೂ ಇಲ್ಲಿ ಸೇರಿಸಿದ್ದೇನೆ.

ಪ್ರಶ್ನೆ ತುಂಬ ಸಣ್ಣದು. ಮಳೆಗಾಲ ಶುರುವಾದ ಕೂಡಲೇ ಹಿಂಜವಡಿ, ಖರಾಡಿ, ಮಗರಪಟ್ಟಾದಲ್ಲಿರುವ ನಮ್ಮ ಕನ್ನಡದ ಗುಂಪುಗಳಲ್ಲಿ ಶನಿವಾರದ ಟ್ರೆಕ್ ಮಾತು ಏಳುತ್ತೆ. ರಾಜಗಡವೋ, ತೋರಣಾವೋ, ಹರಿಶ್ಚಂದ್ರಗಡವೋ ಅಂತ ಚರ್ಚೆ. ಅದಾದ ಮೇಲೆ ಸಾಮಾನಿನ ಪಟ್ಟಿ. ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳ್ತಾರೆ: "ಬ್ಯಾಗಿಗೆ ಯಾವ ಮಗ್ ತಗೊಳ್ಳಲಿ? ಸ್ಟೀಲಾ, ಟೈಟೇನಿಯಮ್ಮಾ, ಮಡಚೋ ಸಿಲಿಕಾನಾ?"

ನಾನೂ ಇಂಜಿನಿಯರ್ ತಾನೇ, ಆರು ವರ್ಷದ ಹಿಂದೆ ಇದಕ್ಕೊಂದು ಸ್ಪ್ರೆಡ್‌ಶೀಟ್ ಮಾಡಿದ್ದೆ. ತೂಕ, ಅಳತೆ, ಬೆಲೆ, ಹಿಡಿಕೆ, ಮುಚ್ಚಳ ಅಂತ ಹನ್ನೊಂದು ಕಾಲಂ. ಹನ್ನೆರಡನೆಯ ಕಾಲಂ ಒಂದು ಬಿಟ್ಟುಹೋಗಿತ್ತು. ಅದನ್ನು ತೋರಿಸಿದ್ದು ನಮ್ಮ ಅಜ್ಜ, ಇದೇ ಜೇಜುರಿಯಲ್ಲಿ.

ನಾಯಿಯ ಮೊಮ್ಮಗ

ನಮ್ಮೂರು ರಾಣೆಬೆನ್ನೂರು ತಾಲ್ಲೂಕು, ದೇವರಗುಡ್ಡದ ಹತ್ತಿರ. ಮನೆದೇವರು ಮೈಲಾರಲಿಂಗ. ಅಜ್ಜ ಗೊರವಪ್ಪ. ಗೊರವರನ್ನು ನೀವು ದಸರಾ ಮೆರವಣಿಗೆಯಲ್ಲಾದರೂ ನೋಡಿರ್ತೀರಿ: ಕರಿ ಕಂಬಳಿ, ಕೈಯಲ್ಲಿ ಡಮರುಗ, ಹೆಗಲಿಗೆ ಭಂಡಾರದ ಚೀಲ. ಕುಣಿತದವರ ತಲೆ ಮೇಲೆ ಕರಡಿ ಕೂದಲಿನ ಟೋಪಿ. ಇವೆಲ್ಲದರ ನಡುವೆ ಅಷ್ಟಾಗಿ ಕಣ್ಣಿಗೆ ಬೀಳದ ಒಂದು ವಸ್ತು ಇದೆ. ಅದು ದೋಣಿ. ಹುಟ್ಟು ಹಾಕುವ ದೋಣಿ ಅಲ್ಲ. ಮರದ್ದೋ ಹಿತ್ತಾಳೆಯದ್ದೋ ಒಂದು ಬಟ್ಟಲು. ಅಜ್ಜನದು ಮರದ್ದು, ಎರಡು ಅಂಗೈ ಜೋಡಿಸಿದಷ್ಟು ಅಗಲ, ಒಳಗೆಲ್ಲ ಭಂಡಾರದ ಹಳದಿ.

ಹರಕೆ ಹೊತ್ತವರು ಗೊರವರನ್ನು ಕರೆದು ದೋಣಿ ತುಂಬಿಸ್ತಾರೆ. ಕಂಬಳಿ ಹಾಸಿ, ದೋಣಿಗಳನ್ನು ಸಾಲಾಗಿ ಇಟ್ಟು, ಭಂಡಾರ ಹಚ್ಚಿ ಪೂಜೆ ಮಾಡಿ, ಬಾಳೆಹಣ್ಣು, ಹಾಲು, ತುಪ್ಪ, ಬೆಲ್ಲ ಹಾಕ್ತಾರೆ. "ಏಳುಕೋಟಿ ಏಳುಕೋಟಿ ಏಳುಕೋಟಿಗೋ" ಅಂತ ಉಘೇ ಎದ್ದ ಮೇಲೆ ಗೊರವರು ಮೈಲಾರನ ಬೇಟೆನಾಯಿಗಳಾಗ್ತಾರೆ. ಬೊಗಳ್ತಾರೆ, ಗುರುಗುಟ್ಟುತ್ತಾರೆ, ಒಬ್ಬರ ಮೇಲೊಬ್ಬರು ಬಿದ್ದು ದೋಣಿಗೆ ಬಾಯಿ ಹಾಕಿ ತಿಂತಾರೆ. ಮಣಿ, ಮಲ್ಲ ಅನ್ನೋ ದೈತ್ಯರನ್ನು ಕೊಂದ ದೇವರ ದಂಡು ಅದು; ಆ ದಂಡಿನಲ್ಲಿ ನಾಯಿಗಳೂ ಇದ್ದವು.

ಸಣ್ಣವನಿದ್ದಾಗ ಇದನ್ನು ನೋಡಿ ನನಗೆ ಭಯ ಆಗ್ತಿರಲಿಲ್ಲ, ನಾಚಿಕೆ ಆಗ್ತಿತ್ತು. ಹೈಸ್ಕೂಲಿನಲ್ಲಿ ಇಬ್ಬರು ಹುಡುಗರು ನನ್ನನ್ನು "ನಾಯಿ ಮೊಮ್ಮಗ" ಅಂತಿದ್ದರು. ಎಂಟೆಕ್ ಮುಗಿಸಿ ಪುಣೆಗೆ ಬಂದ ಮೇಲೆ ಮನೆದೇವರು ಯಾರು ಅಂತ ಯಾರಾದರೂ ಕೇಳಿದರೆ "ಶಿವ" ಅಂದು ಮುಗಿಸಿಬಿಡ್ತಿದ್ದೆ.

ಜೇಜುರಿಯಲ್ಲಿ ಎರಡು ಬಟ್ಟಲು

ಅಜ್ಜ ಪುಣೆಗೆ ಬಂದದ್ದು ಒಂದೇ ಸಲ. ಬಂದ ಮಾರನೇ ದಿನವೇ ಜೇಜುರಿಗೆ ಹೋಗೋಣ ಅಂದ. ಪುಣೆಯಿಂದ ದಿವೆ ಘಾಟ್ ಹತ್ತಿ, ಸಾಸವಡ ದಾಟಿ, ಸುಮಾರು 50 ಕಿಲೋಮೀಟರ್. ಜೇಜುರಿಯ ಖಂಡೋಬಾ, ನಮ್ಮ ಮೈಲಾರ ಒಬ್ಬನೇ ಅನ್ನೋದು ನನಗೆ ಪುಸ್ತಕದ ವಿಷಯ. ಪುಣೆಯಲ್ಲಿ ನೆಲೆಸಿ ಧನಗರರ, ಕುರುಬರ ದೇವರುಗಳ ಬೆನ್ನು ಹತ್ತಿದ್ದ ಜರ್ಮನ್ ವಿದ್ವಾಂಸ ಗುಂಟರ್ ಸೊಂಥೈಮರ್ ಈ ನಂಟನ್ನು ವಿವರವಾಗಿ ಬರೆದಿದ್ದಾರೆ. ಅಜ್ಜನಿಗೆ ಅದು ಬರೀ ನೆಂಟರ ಮನೆ. ಮೆಟ್ಟಿಲ ಕೆಳಗೆ ಜನ "ಯೆಳಕೋಟ ಯೆಳಕೋಟ ಜಯ ಮಲ್ಹಾರ" ಅಂತ ಕೂಗಿದಾಗ, "ಏಳುಕೋಟಿ ಇಲ್ಲಿ ಯೆಳಕೋಟ ಆಗೈತಿ ನೋಡು" ಅಂತ ನಕ್ಕ. ಆ ಕೂಗು ಕನ್ನಡದಿಂದ ಹೋದದ್ದು ಅಂತ ಅನೇಕ ವಿದ್ವಾಂಸರು ಹೇಳೋದನ್ನ ಅಜ್ಜ ಓದಿರಲಿಲ್ಲ.

ಇನ್ನೂರಕ್ಕೂ ಹೆಚ್ಚು ಮೆಟ್ಟಿಲು, ಎರಡೂ ಕಡೆ ಕಲ್ಲಿನ ದೀಪಮಾಲೆಗಳು. ಅರ್ಧ ದಾರಿಯಲ್ಲಿ ಒಬ್ಬ ಮುದುಕ ವಾಘ್ಯಾ ಕೂತಿದ್ದ. ಖಂಡೋಬಾನಿಗೆ ಬಿಟ್ಟ ಗಂಡಸರನ್ನ ಇಲ್ಲಿ ವಾಘ್ಯಾ ಅಂತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ವಗ್ಗಯ್ಯ ಅಂತೀವಲ್ಲ, ಅದೇ. ಅವನ ಮುಂದೆ ಒಂದು ಬಟ್ಟಲಿತ್ತು. ಮರಾಠಿಯಲ್ಲಿ ಅದಕ್ಕೆ ಕೋಟಂಬಾ ಅಂತಾರೆ. ಮರದ್ದೋ ತಾಮ್ರದ್ದೋ ಇರುತ್ತೆ. ಹಿಂದೆ ವಾಘ್ಯಾಗಳೂ ಅದರಲ್ಲಿ ರೊಟ್ಟಿ, ಹಾಲು ಹಾಕಿಸಿಕೊಂಡು, ನಾಯಿಗಳ ಹಾಗೆ ಬೊಗಳಿ ಕಿತ್ತಾಡಿ ತಿಂತಿದ್ದರು ಅನ್ನೋದು ಬ್ರಿಟಿಷರ ಕಾಲದ ಜಾತಿ-ಬುಡಕಟ್ಟುಗಳ ದಾಖಲೆಗಳಲ್ಲೂ ಇದೆ.

ಅಜ್ಜ ತನ್ನ ಚೀಲದಿಂದ ದೋಣಿ ತೆಗೆದು ಆ ಕೋಟಂಬಾದ ಪಕ್ಕ ಇಟ್ಟ. ಅಜ್ಜನಿಗೆ ಮರಾಠಿ ಬರಲ್ಲ, ಅವನಿಗೆ ಕನ್ನಡ ಬರಲ್ಲ. ಇಬ್ಬರೂ ಎರಡು ಬಟ್ಟಲನ್ನೂ ನೋಡಿದರು. ವಾಘ್ಯಾ ಚಹಾದವನನ್ನು ಕೂಗಿದ. ಚಹಾದವ ಕೋಟಂಬಾಗೂ ಹಾಕಿದ, ದೋಣಿಗೂ ಹಾಕಿದ. ನನ್ನ ಕೈಯಲ್ಲಿ ಆಗಷ್ಟೇ ಕೊಂಡ ದುಬಾರಿ ಮಗ್ ಇತ್ತು: ಎರಡು ಪದರದ ಗೋಡೆ, ಬಿಗಿಯಾದ ಮುಚ್ಚಳ, ಮುಚ್ಚಳದಲ್ಲೊಂದು ಸಣ್ಣ ತೂತು. ಚಹಾದವ ಕೆಟಲ್ ಹಿಡಿದು ನನ್ನ ಕಡೆ ತಿರುಗಿ, ಮುಚ್ಚಳ ನೋಡಿ, ಮುಂದೆ ಹೋದ.

ಅಜ್ಜ ಕೇಳಿದ: "ಬಾಯಿ ಮುಚ್ಚಿದ್ ಲೋಟಕ್ಕ ಯಾರ್ ಏನ್ ಹಾಕ್ತಾರ ತಮ್ಮಾ?"

ಅದೇ ಆ ಹನ್ನೆರಡನೆಯ ಕಾಲಂ.

ಚೊಂಬನ್ನು ನೋಡಲು ಬಂದ ಅಮೆರಿಕದವರು

1958ರಲ್ಲಿ ಭಾರತ ಸರ್ಕಾರದ ಕರೆಯ ಮೇಲೆ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ದೇಶ ಸುತ್ತಿ ಒಂದು ವರದಿ ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಅದರ ಬೆನ್ನಿಗೇ. ಈ ದೇಶದಲ್ಲಿ ತಾವು ಕಂಡ ವಸ್ತುಗಳಲ್ಲಿ ಅವರು ತುಂಬ ಮೆಚ್ಚಿದ್ದು ಹಿಂದಿಯವರ 'ಲೋಟಾ'ವನ್ನ, ಅಂದ್ರೆ ನಮ್ಮ ಚೊಂಬು, ತಂಬಿಗೆ. ನಮ್ಮಲ್ಲಿ ಲೋಟ ಅಂದ್ರೆ ಬೇರೆ, ನೆನಪಿರಲಿ. ಮರಾಠಿಯಲ್ಲಿ ಅದು ತಾಂಬ್ಯಾ. ಹೆಸರಿನಲ್ಲೇ ತಾಂಬೆ, ಅಂದರೆ ತಾಮ್ರ ಕೂತಿದೆ.

ಇಂಥ ಪಾತ್ರೆ ಮಾಡಬೇಕಾದರೆ ಏನೇನು ಯೋಚಿಸಬೇಕು ಅಂತ ಅವರು ಪಟ್ಟಿ ಮಾಡಿದರು. ಎಷ್ಟು ಹಿಡಿಸಬೇಕು, ತಲೆ ಮೇಲೆ, ಸೊಂಟದ ಮೇಲೆ ಹೇಗೆ ಕೂರಬೇಕು, ತುಂಬಿದಾಗ ಮತ್ತು ಖಾಲಿ ಇದ್ದಾಗ ತೂಕ ಹೇಗೆ ನಿಲ್ಲಬೇಕು, ಸುರಿಯುವಾಗ ಹೇಗೆ, ತೊಳೆಯುವಾಗ ಹೇಗೆ, ಬೆಲೆ ಎಷ್ಟು, ಹಳೆಯದಾದ ಮೇಲೆ ಲೋಹಕ್ಕೆ ಎಷ್ಟು ಬರುತ್ತೆ. ಒಬ್ಬನೇ ಡಿಸೈನರ್ ಕೂತು ಇಷ್ಟನ್ನೂ ಸರಿದೂಗಿಸಲಾರ, ತಲೆಮಾರುಗಳ ಕೈ ತಾಗಿ ಈ ಆಕಾರ ಬಂದಿದೆ ಅನ್ನೋದು ಅವರ ಮಾತಿನ ಸಾರ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಅದು ಸಾವಿರಾರು ರಿಲೀಸ್ ಆದ ವರ್ಷನ್.

ನಮ್ಮ ದಾರಿಲೋಟವನ್ನೂ ಇದೇ ಕಣ್ಣಿನಿಂದ ನೋಡೋಣ.

ಸೋರೆಬುರುಡೆಯಿಂದ ಟೈಟೇನಿಯಂಗೆ

ದಾರಿ ನಡೆಯುವವರ ಹಳೆಯ ಪಾತ್ರೆಗಳು ಹೊಲ, ಕಾಡಿನಿಂದ ಬಂದವು: ಸೋರೆಬುರುಡೆ, ತೆಂಗಿನ ಚಿಪ್ಪು, ಮರದ ಬಟ್ಟಲು. ಹಗುರ, ಬೆಲೆ ಇಲ್ಲ. ಮರಕ್ಕೆ ಇನ್ನೊಂದು ಗುಣ ಇದೆ. ಶಾಖ ಸಾಗಿಸುವ ಶಕ್ತಿಯನ್ನು ಅಂಕಿಯಲ್ಲಿ ಹೇಳಿದರೆ ತಾಮ್ರ ಸುಮಾರು 400, ಅಲ್ಯುಮಿನಿಯಂ 235ರ ಆಸುಪಾಸು, ಸ್ಟೇನ್‌ಲೆಸ್ ಸ್ಟೀಲ್ 15, ಟೈಟೇನಿಯಂ 20ರ ಹತ್ತಿರ, ಮರ 0.2ಕ್ಕಿಂತ ಕಡಿಮೆ. ಅಜ್ಜನ ದೋಣಿಯಲ್ಲಿ ಕುದಿಯುವ ಚಹಾ ಹಾಕಿದರೂ ಅಂಗೈ ಸುಡಲಿಲ್ಲ, ಕಾರಣ ಇದು. ಭೂಮಿಯ ಇನ್ನೊಂದು ತುದಿಯಲ್ಲಿ, ಉತ್ತರ ಸ್ಕ್ಯಾಂಡಿನೇವಿಯಾದ ಸಾಮಿ ಜನ ಬರ್ಚ್ ಮರದ ಗಂಟನ್ನು ಕೊರೆದು ಕುಕ್ಸಾ ಅನ್ನೋ ಲೋಟ ಮಾಡ್ತಾರೆ. ಅವರೂ ಹಿಮಸಾರಂಗ ಕಾಯುವವರು, ನಮ್ಮವರು ಕುರಿ ಕಾಯುವವರು. ದಾರಿ ಒಂದೇ ಥರ ಇದ್ದಾಗ ಬಟ್ಟಲೂ ಒಂದೇ ಥರ ಆಗುತ್ತೆ. ಮರದ ದೋಷ ಎರಡು: ಒಲೆ ಮೇಲೆ ಇಡೋ ಹಾಗಿಲ್ಲ, ಒಣಗಿದರೆ ಸೀಳುತ್ತೆ.

ತಾಮ್ರ, ಹಿತ್ತಾಳೆ ಒಲೆಗೆ ತಡೆಯುತ್ತವೆ, ಆದರೆ ಭಾರ. ಮಜ್ಜಿಗೆ, ಹುಣಸೆಹುಳಿ ಬಿದ್ದರೆ ಕಿಲುಬು. ಅದಕ್ಕೇ ಕಲಾಯಿ ಹಾಕಿಸಬೇಕು. ಊರಿಗೆ ಕಲಾಯಿಯವನು ಬರೋದು ನಿಂತ ದಿನ ಹಿತ್ತಾಳೆ ಪಾತ್ರೆಗಳು ಅಟ್ಟ ಸೇರಿದವು.

ಅಲ್ಯುಮಿನಿಯಂ ಒಂದು ಕಾಲಕ್ಕೆ ಶ್ರೀಮಂತರ ಲೋಹ. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಬೇರೆಬೇರೆಯಾಗಿ ವಿದ್ಯುತ್ತಿನಿಂದ ಅದನ್ನು ತೆಗೆಯುವ ದಾರಿ ಕಂಡುಹಿಡಿದ ಮೇಲೆ ಬೆಲೆ ಇಳಿಯಿತು. ಭಾರತದಲ್ಲಿ ಅಲ್ಯುಮಿನಿಯಂ ಪಾತ್ರೆ ಮಾಡಿಸಲು ಶುರು ಮಾಡಿದ್ದು 1898ರಲ್ಲಿ, ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚ್ಯಾಟರ್ಟನ್. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯನ್ನು ನಡೆಸಿದ ಚ್ಯಾಟರ್ಟನ್ ಇವರೇ. ನಮ್ಮ ಕಡೆ ಇದನ್ನು ಜರ್ಮನ್ ಪಾತ್ರೆ ಅಂತಾರೆ, ಮರಾಠಿಯಲ್ಲೂ ಜರ್ಮನ್. ತುಂಬ ಹಗುರ, ಆದರೆ ಹುಳಿಗೆ ಆಗಲ್ಲ, ಅಂಚು ತುಟಿ ಸುಡುತ್ತೆ, ಬಿದ್ದರೆ ಸೊಟ್ಟ.

ಎನಾಮಲ್ ಮಗ್ ಅಂದ್ರೆ ಕಬ್ಬಿಣದ ತಗಡಿಗೆ ಗಾಜಿನ ಅಂಗಿ. ಸೈನಿಕರ ಕಿಟ್‌ನಲ್ಲಿ ದೇಶ ದೇಶ ಸುತ್ತಿದೆ. ಫೋಟೋಕ್ಕೆ ಚೆನ್ನ. ಕಲ್ಲಿಗೆ ತಗುಲಿ ಗಾಜು ಹಾರಿದ ಜಾಗದಲ್ಲಿ ತುಕ್ಕು.

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ಮಾಡಿದರು. ಬಂದೂಕಿನ ನಳಿಗೆಗೆ ಅಂತ ಹೊರಟ ಕೆಲಸ, ಅಡುಗೆಮನೆಗೆ ಬಂದು ನಿಂತಿತು. ನಮ್ಮಲ್ಲಿ ಮದುವೆಯ ಉಡುಗೊರೆ ಅಂದ್ರೆ ಹೆಸರು ಕೆತ್ತಿಸಿದ ಸ್ಟೀಲ್ ಪಾತ್ರೆ ಅನ್ನೋ ಹಂತಕ್ಕೆ ಬಂತು. ಹುಳಿಗೂ ಸೈ, ಒಲೆಗೂ ಸೈ, ಬೂದಿ ಹಾಕಿ ತಿಕ್ಕಿದರೂ ಸೈ.

ಕೊನೆಗೆ ಟೈಟೇನಿಯಂ. 1791ರಲ್ಲೇ ಗುರುತಿಸಿದ್ದರೂ, ದೊಡ್ಡ ಪ್ರಮಾಣದಲ್ಲಿ ತೆಗೆಯೋದು ಸಾಧ್ಯವಾಗಿದ್ದು 1940ರ ಸುಮಾರಿಗೆ ಲಕ್ಸೆಂಬರ್ಗ್‌ನ ವಿಲ್ಹೆಲ್ಮ್ ಕ್ರೋಲ್ ಅವರ ವಿಧಾನದಿಂದ. ವಿಮಾನಕ್ಕೆ ಹೋದ ಲೋಹ ಬಹಳ ನಂತರ ಟ್ರೆಕ್ಕಿಂಗ್ ಅಂಗಡಿಗೆ ಬಂತು. ಒಂದು ಘನ ಸೆಂಟಿಮೀಟರ್ ಸ್ಟೀಲ್ 8 ಗ್ರಾಂ, ಟೈಟೇನಿಯಂ 4.5 ಗ್ರಾಂ. ಅಂದ್ರೆ ಅದೇ ಆಕಾರ, ಅದೇ ದಪ್ಪದ ಸ್ಟೀಲ್ ಮಗ್ 120 ಗ್ರಾಂ ಇದ್ದರೆ ಟೈಟೇನಿಯಂದು 68 ಗ್ರಾಂ. ಉಳಿಯೋದು 52 ಗ್ರಾಂ. ಬಾಟಲಿಯಿಂದ ಎರಡು ಮೂರು ಗುಟುಕು ನೀರು ಕುಡಿದರೆ ಅಷ್ಟೇ ಭಾರ ಇಳಿಯುತ್ತೆ. ಅದಕ್ಕೆ ಹತ್ತು ಪಟ್ಟು ದುಡ್ಡು ಕೊಡಬೇಕಾ ಅನ್ನೋದು ನಿಮಗೆ ಬಿಟ್ಟದ್ದು. ಹಿಮಾಲಯದಲ್ಲಿ ಹತ್ತು ದಿನ ಎಲ್ಲವನ್ನೂ ಬೆನ್ನ ಮೇಲೆ ಹೊರುವವರಿಗೆ ಹೌದು ಅನ್ನಿಸಬಹುದು. ರಾಜಗಡದ ಒಂದು ರಾತ್ರಿಗೆ ನನಗೆ ಅನ್ನಿಸಲಿಲ್ಲ.

ಪಾತ್ರೆ ಇತ್ತು, ನೀರು ಇರಲಿಲ್ಲ

ಈಗ ಅಜ್ಜನ ಪ್ರಶ್ನೆಗೆ ವಾಪಸ್ ಬರ್ತೀನಿ. ಯಾರು ಹಾಕ್ತಾರೆ?

ಹುಬ್ಬಳ್ಳಿಯಿಂದ ಮೀರಜ್ ಮೇಲೆ ಪುಣೆಗೆ ಬರುವ ರೈಲಿನಲ್ಲಿ ನೀವೆಲ್ಲ ಓಡಾಡಿರ್ತೀರಿ. ಕರಾಡ್ ದಾಟಿದ ಮೇಲೆ ಮಸೂರು ಅಂತ ಒಂದು ಸಣ್ಣ ಸ್ಟೇಷನ್ ಬರುತ್ತೆ. ಅದೇ ಹಳಿ ಮುಂದೆ ಸಾತಾರಾ, ನೀರಾ ಹಾದು ಜೇಜುರಿಗೆ ಬರುತ್ತೆ. 1901ರಲ್ಲಿ ಆ ಮಸೂರಿನಲ್ಲಿ ಕೆಲವು ಮಕ್ಕಳು ರೈಲಿಳಿದರು. ಗೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ತಂದೆಯನ್ನು ನೋಡಲು ಹೊರಟವರು. ಅವರಲ್ಲಿ ಒಬ್ಬ ಹುಡುಗ ಭೀಮರಾವ್ ಅಂಬೇಡ್ಕರ್. ಜಾತಿ ಗೊತ್ತಾದ ಕೂಡಲೇ ಗಾಡಿಯವರು ಕೂರಿಸಲು ಒಪ್ಪಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದರು, ಗಾಡಿಯವನು ಪಕ್ಕದಲ್ಲಿ ನಡೆದು ಬಂದ. ಅವರ ಹತ್ತಿರ ಬುತ್ತಿ ತುಂಬ ಊಟ ಇತ್ತು. ಕುಡಿಯಲು ನೀರು ಇರಲಿಲ್ಲ. ರಾತ್ರಿ ಸುಂಕದ ಕಟ್ಟೆಯವನನ್ನು ಕೇಳಿದರೂ ಸಿಗಲಿಲ್ಲ. ಮಕ್ಕಳು ಉಣ್ಣಲಾಗದೆ ಹಾಗೇ ಮಲಗಿದರು. ಇದನ್ನು ಅಂಬೇಡ್ಕರ್ 'ವೇಟಿಂಗ್ ಫಾರ್ ಎ ವೀಸಾ' ಎಂಬ ಆತ್ಮಕಥನದ ತುಣುಕುಗಳಲ್ಲಿ ಬರೆದಿದ್ದಾರೆ. ಇಪ್ಪತ್ತಾರು ವರ್ಷದ ನಂತರ, 1927ರ ಮಾರ್ಚ್ 20ರಂದು, ಅವರು ಮಹಾಡಿನ ಚವದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದರು. ಕೈಯಲ್ಲಿ ಯಾವ ಲೋಟವೂ ಇರಲಿಲ್ಲ.

ಹಾಗಾಗಿ "ನನ್ನದು ನನಗೆ, ನಾನು ನನ್ನ ಲೋಟ ತಂದಿದ್ದೀನಿ" ಅನ್ನೋ ಮಾತು ನಮ್ಮ ದೇಶದಲ್ಲಿ ಬರೀ ಸ್ವಚ್ಛತೆಯ ಮಾತಾಗಿ ಉಳಿಯಲ್ಲ. ಮಡಿಗಾಗಿ ತಮ್ಮ ಚೊಂಬು ಹೊತ್ತು ಪ್ರಯಾಣ ಮಾಡಿದವರು ಒಂದು ಕಡೆ. ಹೋಟೆಲಿನ ಹೊರಗೆ ತಮಗೆ ಅಂತ ಬೇರೆ ಇಟ್ಟ ಲೋಟದಲ್ಲೋ ಚಿಪ್ಪಿನಲ್ಲೋ ಚಹಾ ಕುಡಿಯಬೇಕಾದವರು ಇನ್ನೊಂದು ಕಡೆ. ಇಬ್ಬರದ್ದೂ ಸ್ವಂತ ಲೋಟವೇ. ಒಂದು ಆಯ್ಕೆ, ಇನ್ನೊಂದು ಶಿಕ್ಷೆ.

ಗ್ರೀಸ್ ದೇಶದಲ್ಲಿ ಡಯೋಜಿನಿಸ್ ಅಂತ ಒಬ್ಬ ತತ್ವಜ್ಞಾನಿ ಇದ್ದ. ಒಂದು ಮಗು ಬೊಗಸೆಯಲ್ಲಿ ನೀರು ಕುಡಿಯೋದನ್ನು ನೋಡಿ, "ಮಗು ನನ್ನನ್ನು ಸೋಲಿಸಿತು" ಅಂತ ತನ್ನ ಚೀಲದಲ್ಲಿದ್ದ ಬಟ್ಟಲನ್ನು ಎಸೆದ ಅಂತ ಕಥೆ. ಬ್ಯಾಗಿನ ತೂಕ ಇಳಿಸೋರ ಪಂಥಕ್ಕೆ ಅವನೇ ಆದಿಗುರು! ವಿಚಿತ್ರ ಏನಂದ್ರೆ ಅವನನ್ನೂ ಜನ ನಾಯಿ ಅಂತಲೇ ಕರೀತಿದ್ದರು. ಸಿನಿಕ ಅನ್ನೋ ಪದದ ಮೂಲ ಅರ್ಥವೇ ನಾಯಿಯಂಥವನು. ಆ ನಾಯಿ ಯಾರ ಹಂಗೂ ಬೇಡ ಅಂತ ಬಟ್ಟಲು ಎಸೆದ. ನಮ್ಮ ಗೊರವ, ಈ ವಾಘ್ಯಾ ಬಟ್ಟಲನ್ನು ಇಟ್ಟುಕೊಂಡರು, ಅದನ್ನು ಎಲ್ಲರ ಮುಂದೆ ಚಾಚಿದರು, ಒಂದೇ ಕಂಬಳಿ ಮೇಲೆ ಒಬ್ಬರ ಎಂಜಲಿಗೆ ಇನ್ನೊಬ್ಬರು ಬಾಯಿ ಹಾಕಿದರು. ಎಂಜಲು ಅಂದ್ರೆ ಬೆಚ್ಚಿಬೀಳುವ ಸಮಾಜದ ನಟ್ಟನಡುವೆ ಇದು ನಡೀತು. ಮೈಲಾರನ ಪರಿಷೆಯಲ್ಲಿ ಜಾತಿಯೇ ಇರಲಿಲ್ಲ ಅಂತ ನಾನು ಹೇಳಲ್ಲ, ಇತ್ತು, ಇದೆ. ಆದರೆ ಹೈಸ್ಕೂಲಿನಲ್ಲಿ ನನಗೆ ನಾಚಿಕೆ ತಂದಿದ್ದ ಆ ಗಳಿಗೆಯಲ್ಲಿ ಅಜ್ಜ ಏನು ಮಾಡ್ತಿದ್ದ ಅನ್ನೋದು ಮೂವತ್ತು ದಾಟಿದ ಮೇಲೆ ನನಗೆ ಕಂಡಿತು.

ಚಹಾ ಹಾಕುವವನ ಕಡೆಯಿಂದ

ಹೋದ ಸಲ ಆಳಂದಿಯಿಂದ ಪಂಢರಪುರಕ್ಕೆ ಹೋಗುವ ಜ್ಞಾನೇಶ್ವರ ಪಾಲಖಿ ಜೇಜುರಿಯಲ್ಲಿ ತಂಗಿದ ದಿನ ನಾವು ನಾಲ್ಕು ಜನ ರಸ್ತೆ ಬದಿ ಚಹಾ ಹಂಚಲು ನಿಂತಿದ್ದೆವು. ಸುಮಾರು ಮೂರು ವಾರ, 250 ಕಿಲೋಮೀಟರ್ ನಡೆಯುವ ವಾರಕರಿಗಳಿಗಿಂತ ದೊಡ್ಡ ಬ್ಯಾಕ್‌ಪ್ಯಾಕರ್‌ಗಳು ಯಾರಿದ್ದಾರೆ ಹೇಳಿ? ಅವರು ಚಾಚಿದ ಪಾತ್ರೆಗಳನ್ನು ನಾನು ನೋಡುತ್ತಾ ಹೋದೆ. ಸ್ಟೀಲ್ ಗ್ಲಾಸ್, ಸ್ಟೀಲ್ ತಾಂಬ್ಯಾ, ಹಿಡಿಕೆಯ ಮಗ್, ಕತ್ತು ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ.

ಕೆಟಲ್ ಹಿಡಿದವನಿಗೆ ಗೊತ್ತಾಗುತ್ತೆ. ಬಾಯಿ ಅಗಲ ಇದ್ದರೆ ನೂಕುನುಗ್ಗಲಲ್ಲೂ ಚೆಲ್ಲದೆ ಹಾಕಬಹುದು. ಬಾಟಲಿಗೆ ಹಾಕಲು ಹೋಗಿ ಒಬ್ಬ ಅಜ್ಜಿಯ ಬೆರಳ ಮೇಲೆ ಬಿಸಿ ಚಹಾ ಚೆಲ್ಲಿದೆ. ಆಯಮ್ಮ ನನ್ನನ್ನು ಬೈಯದೆ, ಸೆರಗಿನಲ್ಲಿ ಒರೆಸಿಕೊಂಡು, "ಮಾವುಲೀ, ಸಾವಕಾಶ" ಅಂದು ಮುಂದೆ ನಡೆದಳು. ಹಿಡಿಕೆ ಇದ್ದವರು ಮಗ್ ಅನ್ನು ಮುಂದೆ ಚಾಚುತ್ತಿದ್ದರು, ಹಿಡಿಕೆ ಇಲ್ಲದವರು ಸೆರಗಿನ, ಟವೆಲಿನ ಮಡಿಕೆಯಲ್ಲಿ ಹಿಡಿಯುತ್ತಿದ್ದರು. ನನ್ನ ಗೆಳೆಯನ ಮಡಚುವ ಸಿಲಿಕಾನ್ ಕಪ್ ಪಾಲಖಿಯ ಮೇಲೆ ಎರಚಿದ ಭಂಡಾರ ಬಿದ್ದು ಹಳದಿಯಾಯಿತು, ಇವತ್ತಿಗೂ ಹಳದಿ. ಅರಿಶಿನದ ಬಣ್ಣ ಪ್ಲಾಸ್ಟಿಕ್, ಸಿಲಿಕಾನ್ ಒಳಗೆ ಇಳಿದುಬಿಡುತ್ತೆ. ಸ್ಟೀಲ್ ತೊಳೆದರೆ ಹೋಗುತ್ತೆ.

ಸರಿ, ಯಾವ ಮಗ್?

ಪುಣೆಯ ಸುತ್ತಮುತ್ತ ನಡೆಯುವವರಿಗೆ ನನ್ನ ಉತ್ತರ: ಒಂದೇ ಪದರದ ಸ್ಟೀಲ್ ಮಗ್, 400ರಿಂದ 450 ಮಿಲಿ, ಬಾಯಿ ಅಗಲ, ಹಿಡಿಕೆ ಗಟ್ಟಿ. ನಾಲ್ಕು ಬೆರಳು ಹಿಡಿಕೆಯೊಳಗೆ ಹೋಗಬೇಕು. ಅಂಚು ಹೊರಕ್ಕೆ ಮಡಚಿರಬೇಕು, ಇಲ್ಲದಿದ್ದರೆ ತುಟಿ ಕುಯ್ಯುತ್ತೆ. ಒಂಟಿಯಾಗಿ ಹೋಗಿ ಅದರಲ್ಲೇ ಮ್ಯಾಗಿ ಕುದಿಸುವವರು 600 ಮೇಲೆ ತಗೊಳ್ಳಿ. ಎರಡು ಪದರದ್ದನ್ನು ಯಾವ ಕಾರಣಕ್ಕೂ ಸ್ಟವ್ ಮೇಲೆ ಇಡಬೇಡಿ. ನಡುವೆ ಸಿಕ್ಕಿಕೊಂಡ ಗಾಳಿ ಹಿಗ್ಗಿ ಸಿಡಿಯಬಹುದು. ಮುಚ್ಚಳ ಬೇಕಿದ್ದರೆ ಬಿಡಿಯಾಗಿರಲಿ, ಒಂದು ಸ್ಟೀಲ್ ತಟ್ಟೆ ಸಾಕು, ಊಟಕ್ಕೂ ಆಗುತ್ತೆ. ಮಗ್ ಬ್ಯಾಗಿನ ತಳದಲ್ಲಿ ಬೇಡ, ಹೊರಗೆ ಕೈಗೆ ಸಿಗುವ ಹಾಗೆ ತೂಗುಹಾಕಿ. ಗಡದ ಮೇಲೆ ಝುಣಕಾ ಭಾಕರಿ ಮಾರುವ ಹೆಂಗಸು ಲೋಟದ ತುಂಬ ಮಜ್ಜಿಗೆ ಹಿಡಿದು ನಿಂತಾಗ ನೀವು ಜಿಪ್ ಎಳೆಯುತ್ತಾ ಕೂರಬಾರದು.

ಅಜ್ಜನ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯ ಆಗುತ್ತೆ. ಊರಿಗೆ ಹೊರಟಾಗ ಅದೇ ಬಾಯಿ ಮುಚ್ಚಿದ ಲೋಟವನ್ನು ಕೇಳಿ ಇಸಕೊಂಡ. "ಟ್ರೇನ್‌ನ್ಯಾಗ ಚಾ ಆರಂಗಿಲ್ಲ ನೋಡು" ಅಂದ. ರಾತ್ರಿ ರೈಲಿಗೆ ಆ ಮಗ್ ಸರಿಯಾದದ್ದೇ. ಯಾವ ಪಾತ್ರೆಯೂ ಎಲ್ಲ ದಾರಿಗೂ ಆಗಲ್ಲ ಅನ್ನೋದೂ ಇಂಜಿನಿಯರಿಂಗೇ.

ಅಜ್ಜ ಈಗಿಲ್ಲ. ದೋಣಿ ನನ್ನ ಹತ್ತಿರ ಇದೆ, ಪುಣೆಯ ಫ್ಲ್ಯಾಟಿನಲ್ಲಿ, ದೇವರ ಗೂಡಿನಲ್ಲಿ. ಉದ್ದಕ್ಕೆ ಒಂದು ಸೀಳು ಬಂದಿದೆ, ಚಹಾ ಹಾಕಿದರೆ ಸೋರುತ್ತೆ. ಹಾಗಾಗಿ ಟ್ರೆಕ್ಕಿಗೆ ಒಯ್ಯಲ್ಲ. ಈ ಮಾತು ರೆಕಾರ್ಡ್ ಮಾಡಿದ ದಿನ ಮಾತ್ರ ಜೇಜುರಿಗೆ ತಂದಿದ್ದೆ. ವಿಡಿಯೋದ ಕೊನೆಯಲ್ಲಿ ಕಾಣೋದು ಅದೇ. ಮೆಟ್ಟಿಲ ಮೇಲೆ ಇಟ್ಟಿದ್ದೆ. ಯಾರೋ ಒಬ್ಬರು ಹತ್ತುತ್ತಾ ಬಂದವರು, ಏನು ಎತ್ತ ಕೇಳದೆ, ಅದಕ್ಕೊಂದು ಬಾಳೆಹಣ್ಣು ಹಾಕಿ ಹೋದರು. ಅಲ್ಲೇ ಕೂತು ತಿಂದೆ.

ಮನೆದೇವರು ಯಾರು ಅಂತ ಈಗ ಕೇಳಿದರೆ ಮೈಲಾರ ಅಂತೀನಿ. ನಿಮ್ಮ ಮನೆಯ ಅಟ್ಟದಲ್ಲೂ ದಾರಿ ನಡೆದ ಒಂದು ಚೊಂಬು, ಚರಗಿ, ಬಟ್ಟಲು ಇದ್ದೀತು. ಯಾರದು, ಯಾವ ದಾರಿಯದು ಅಂತ ಮನೆಯಲ್ಲಿ ಕೇಳಿ, ನಮಗೂ ಬರೆದು ತಿಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ. ಏಳುಕೋಟಿ!